ಮ್ಯಾಲಿನ ಖರ್ಚು

ಇವತ್ತು ಮುಂಜಾನೆ ನಳ ಬಂದಾಗ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಇತ್ತು. ಮಳೆಗಾಲ ಹತ್ತಿರ ಬಂತೆಂದರೆ ಹಾಗೆ ಹಾಕುತ್ತಾರೆ, ಒಳ್ಳೆಯದಕ್ಕೇ. ಓಣಿಯ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೊಡ ತುಂಬಿದರು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಎಪ್ಪತ್ತೆರಡು ವರ್ಷದ ನಮ್ಮ ಅತ್ತಿ ಬಾಡಿಗೆಯ ನೈಲಾನ್ ಪ್ಯಾಂಟು ಹಾಕಿಕೊಂಡು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ನೀರಿನ ದಂಡೆಯಲ್ಲಿ ನಿಂತದ್ದು ಕಣ್ಣ ಮುಂದೆ ಬರುತ್ತದೆ.

ಮಕ್ಕಳ ಕಾಟಕ್ಕೆ ನೀವೂ ಎಂದಾದರೂ ವಾಟರ್ ಪಾರ್ಕಿಗೆ ಹೋಗಿ ಬಂದವರಾಗಿದ್ದರೆ ನಾನು ಹೇಳುವುದರಲ್ಲಿ ಅರ್ಧ ನಿಮಗೆ ಗೊತ್ತೇ ಇರುತ್ತದೆ. ಉಳಿದರ್ಧ ನಮ್ಮ ಮನೆಯದು.

ಎರಡು ಬ್ಯಾಸಗಿ ಹಿಂದಿನ ಮಾತು. ಮೂಡಲಗಿಯಲ್ಲಿ ನಮ್ಮ ಯಜಮಾನರದು ಮೋಟರ್ ರಿವೈಂಡಿಂಗ್ ಅಂಗಡಿ. ಮಕ್ಕಳಿಗೆ ಸೂಟಿ ಬಿಡುವ ಹೊತ್ತಿಗೇ ಊರ ಸುತ್ತಲಿನ ಬಾವಿ ಬೋರಿನ ಮೋಟರುಗಳೆಲ್ಲ ಸುಟ್ಟು ಇವರ ಅಂಗಡಿಗೆ ಬಂದು ಕೂಡುತ್ತವೆ. ಹಾಗಾಗಿ ಮಕ್ಕಳು ಮೂರು ವರ್ಷ ಬೇಡಿದರೂ ಅವರ ಬಾಯಲ್ಲಿ ಬಂದದ್ದು "ನೋಡೂಣಂತ" ಎಂಬ ಒಂದೇ ಮಾತು. ನಮ್ಮ ಮನೆಯಲ್ಲಿ ನೋಡೂಣಂತ ಅಂದರೆ ಇಲ್ಲ ಅಂತ. ಆ ವರ್ಷ ಹುಕ್ಕೇರಿಯಲ್ಲಿರುವ ನನ್ನ ತಂಗಿ ಶೋಭಾ, ಕೊಲ್ಹಾಪುರ ದಾಟಿದ ಮೇಲೆ ಸಿಗುವ ಒಂದು ಪಾರ್ಕಿಗೆ ಹೋಗಿ, ಗಂಡ ಮಕ್ಕಳ ಸಮೇತ ಟ್ಯೂಬಿನಲ್ಲಿ ತೇಲುವ ಫೋಟೋ ಸ್ಟೇಟಸ್ಸಿಗೆ ಹಾಕಿದಳು. ಮಗಳು ಸಹನಾ, ಮಗ ವಿನಾಯಕ ಇಬ್ಬರೂ ಆ ಫೋಟೋ ಹಿಡಿದುಕೊಂಡು ಅಪ್ಪನ ಊಟದ ತಾಟಿನ ಮುಂದೆ ಕೂತರು. "ಹೋಗೂಣಂತ" ಅಂದುಬಿಟ್ಟರು ನಮ್ಮವರು. ಅಂದ ಮೇಲೆ ಅವರಿಗೇ ಗಾಬರಿಯಾಯಿತು.

ಆ ಗಾಬರಿಯಲ್ಲೇ ಆರು ಸಾವಿರ ರೂಪಾಯಿ ತಂದು ನನ್ನ ಕೈಯಲ್ಲಿಟ್ಟರು. "ಟಿಕೀಟು ನಾ ಫೋನಿನ್ಯಾಗ ತಗಿಸೇನಿ. ಗಾಡಿ ಎಣ್ಣಿ ನಂದು. ಮ್ಯಾಲಿನ ಖರ್ಚು ನಿಂದು. ಹದಿನೈದು ವರ್ಷ ಆತು, ನಿಮಗ ರೊಕ್ಕದ ಹಿಡಿತಾ ಇಲ್ಲ, ಹಿಡಿತಾ ಇಲ್ಲ ಅಂತೀ. ಈಗ ನೀ ಹಿಡದು ತೋರಸು."

ಮಾತು ನಾಟಿತು. ನಾನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಅಂದಾಜು ಬರೆಯಲು ಕೂತೆ. ಒಂದು ಕಿಲೋ ತೊಗರಿಬ್ಯಾಳಿ ಎಷ್ಟು ದಿನ ಬರುತ್ತದೆ, ಬೀಗರು ಬಂದರೆ ಎಷ್ಟು ದಿನ ಬರುವುದಿಲ್ಲ, ಎಲ್ಲಾ ಬಲ್ಲೆ. ಆದರೆ ಆಟಕ್ಕೆ ಎಷ್ಟು ರೊಕ್ಕ ಬೀಳುತ್ತದೆಂದು ತಿಳಿಯುವ ಪ್ರಸಂಗ ನನ್ನ ಆಯುಷ್ಯದಲ್ಲಿ ಬಂದಿರಲಿಲ್ಲ. ಶೋಭಾನಿಗೆ ಫೋನ್ ಹಚ್ಚಿ ಕೇಳಿದೆ.

"ಏನ ಬೇಕಾಗತೈತಿ ಅಕ್ಕಾ? ಒಳಗ ಹೋದ ಮ್ಯಾಲ ಎಲ್ಲಾ ಪುಕ್ಕಟ. ಎಷ್ಟ ಸರತಿ ಜಾರಿದ್ರೂ ಯಾರೂ ಕೇಳೂದಿಲ್ಲ."

ಸ್ವಂತ ತಂಗಿ. ನಂಬದೆ ಏನು ಮಾಡಲಿ? ದಾರಿಯ ಚಹಾಕ್ಕೆ ಇಷ್ಟು, ಮಕ್ಕಳ ಐಸ್ ಕ್ರೀಮಿಗೆ ಇಷ್ಟು, ಏನಾದರೂ ಇರಲಿ ಎಂದು ಇಷ್ಟು. ಊಟಕ್ಕೆ ಸೊನ್ನೆ, ರೊಟ್ಟಿ ಕಟ್ಟಿಕೊಳ್ಳುತ್ತೇವಲ್ಲ. ಕುಡಿಯುವ ನೀರಿಗೆ ಸೊನ್ನೆ. ಎಲ್ಲಾ ಕೂಡಿಸಿದರೂ ಸಾವಿರ ದಾಟಲಿಲ್ಲ. ಉಳಿದ ಐದು ಸಾವಿರವನ್ನು ಮನೆಗೆ ಬಂದ ಮೇಲೆ ಅತ್ತಿಯ ಎದುರಿಗೆ ಯಜಮಾನರ ಕೈಯಲ್ಲಿ ಎಣಿಸಿ ಇಡುವುದು. ಇಡುವಾಗ ಏನು ಅನ್ನಬೇಕೆಂಬುದನ್ನೂ ಎರಡು ಮೂರು ಸಲ ಪಾಠ ಮಾಡಿಕೊಂಡೆ.

ಇತ್ತ ಅತ್ತಿಗೆ ಬೇರೆಯೇ ಚಿಂತೆ. ನಮ್ಮ ಓಣಿಯಲ್ಲಿ ಎರಡು ದಿನ ಮನೆಗೆ ಕೀಲಿ ಹಾಕಬೇಕಾದರೆ ಮೂರೇ ಕಾರಣ: ದೇವರು, ಲಗ್ನ, ದವಾಖಾನಿ. ನೀರಾಟ ಎಂಬ ನಾಲ್ಕನೆಯದನ್ನು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಕಟ್ಟೆಯ ಮೇಲೆ ಕೂತವರು ಕೇಳಿದ್ದೇ ತಡ, "ಕೊಲ್ಹಾಪುರಕ್ಕ, ಲಕ್ಷ್ಮವ್ವನ ದರ್ಶನಕ್ಕ" ಅಂದುಬಿಟ್ಟರು.

"ಅತ್ತಿ, ಖರೇ ಹೇಳಬೇಕಾಗಿತ್ತಲ್ರಿ" ಅಂದೆ.

"ಸುಳ್ಳ ಎಲ್ಲಿ ಐತೆವ್ವಾ? ಬರೂ ಮುಂದ ದಾರ್ಯಾಗ ಐತಿ. ಕೈ ಮುಗದು ಬಂದ್ರ ಆತು."

ನಮ್ಮಲ್ಲಿ ದೇವರಿಗೆ ಹೊರಟವರ ಕೈಯಲ್ಲಿ ಹೋಗಲಾರದವರು ಏನಾದರೂ ಕೊಟ್ಟು ಕಳಿಸುವ ಪದ್ಧತಿ ಇದೆ, ಬೇಡ ಅನ್ನುವಂತಿಲ್ಲ. ಮಠದ ಸ್ವಾಮಿಗಳು ಕೊರಳಲ್ಲಿನ ಲಿಂಗ ಒಂದೇ ಸಾಕು ಎಂದು ಹೇಳುತ್ತಲೇ ಇರುತ್ತಾರೆ. ನಾವೂ ಹೌದ್ರಿ ಅನ್ನುತ್ತೇವೆ, ಮನೆಗೆ ಬಂದು ಲಕ್ಷ್ಮವ್ವನ ಉಡಿ ತುಂಬಲು ಅಕ್ಕಿ ಅಳೆಯುತ್ತೇವೆ. ಸಂಜೆಯೊಳಗೆ ನಮ್ಮ ಪಡಸಾಲೆಯಲ್ಲಿ ಕಾಯಿ, ಹಸಿರು ಬಳೆ, ಹತ್ತು ಇಪ್ಪತ್ತರ ಚಿಲ್ಲರೆ ಕೂಡಿ ಬಿದ್ದವು. ಕಡೆಗೆ ಬಂದವರು ಎದುರು ಮನೆಯ ಪಾರ್ವತಕ್ಕ. ಹಿಟ್ಟಿನ ಗಿರಣಿ ನಡೆಸುವವರು, ತಲೆಗೂದಲ ಮೇಲೆ ಯಾವಾಗಲೂ ಒಂದು ಪದರು ಹಿಟ್ಟು. ಅವರ ಮಗಳು ರೇಣುಕಾನಿಗೆ ಲಗ್ನವಾಗಿ ಒಂಬತ್ತು ವರ್ಷದ ಮೇಲೆ ಹೊಟ್ಟೆಯಲ್ಲಿ ನಿಂತಿತ್ತು. ಬಾಣಂತನಕ್ಕೆ ತವರಿಗೆ ಬಂದು ಕೂತಿದ್ದಳು, ದಿನ ತುಂಬಿದ್ದವು. ಡಾಕ್ಟರು ಕೂಸು ತಿರುಗಿಲ್ಲ ಎಂದು ಹೇಳಿದ್ದರು. ಪಾರ್ವತಕ್ಕ ಒಂದು ಕುಪ್ಪಸದ ಖಣ, ಅರಿಷಿಣ ಕುಂಕುಮದ ಪೊಟ್ಟಣ, ಐದುನೂರರ ಒಂದು ನೋಟು ನನ್ನ ಉಡಿಯಲ್ಲಿಟ್ಟರು.

"ತಂಗೀ, ಲಕ್ಷ್ಮವ್ವನ ಮುಂದ ಇದನ್ನಿಟ್ಟು, ಪಾರ್ವತಿ ಮಗಳ ಬಾಣತನ ಸುಸೂತ್ರ ಮಾಡವ್ವಾ ಅಂತ ನಿನ್ನ ಬಾಯಿಲೇ ಹೇಳು. ನೀ ಸುಳ್ಳ ಮಾತಾಡಾಕಿ ಅಲ್ಲ. ನಿನ್ನ ಮಾತ ಆಕಿ ಕೇಳ್ತಾಳ."

ನಾನು ಅತ್ತಿಯ ಮುಖ ನೋಡಿದೆ. ಅವರು ಜಂತಿ ನೋಡುತ್ತಿದ್ದರು.

ಮರುದಿನ ನಸುಕಿನಲ್ಲಿ ಅಂಗಡಿಯ ಹಳೆಯ ವ್ಯಾನಿನಲ್ಲಿ ಹೊರಟೆವು. ಘಟಪ್ರಭೆ ಬಂದಳು, ಹಿರಣ್ಯಕೇಶಿ ಬಂದಳು. ಪ್ರತಿ ಸೇತುವೆಗೂ ಯಜಮಾನರು ಗಾಡಿ ನಿಧಾನ ಮಾಡಬೇಕು, ಅತ್ತಿ ಕಿಡಕಿಯಿಂದ ಒಂದು ರೂಪಾಯಿ ಎಸೆದು ಕೈ ಮುಗಿಯಬೇಕು. ನೀರು ಕಂಡರೆ ಹಾಗೆ ಹಾದುಹೋಗುವ ಜೀವವೇ ಅಲ್ಲ ಅದು. "ಮಮ್ಮಿ, ಆಯಿ ಎಸೆಯೋದು ಮ್ಯಾಲಿನ ಖರ್ಚಿನ್ಯಾಗ ಹಿಡೀಬೇಕೇನ?" ಅಂತ ವಿನಾಯಕ ಕೇಳಿದ. ಅಜ್ಜಿಗೆ ನಮ್ಮ ಮಕ್ಕಳು ಆಯಿ ಅನ್ನುತ್ತಾರೆ. ಎರಡು ರೂಪಾಯಿ ಎಂದು ಬರೆದುಕೊಂಡೆ. ಆ ದಿನದ ಲೆಕ್ಕದಲ್ಲಿ ಸರಿಯಾಗಿ ಬರೆದ ರಕಮು ಅದೊಂದೇ.

ಪಾರ್ಕಿನ ಬಾಗಿಲಿನಲ್ಲಿ ಚೀಲ ಬಿಚ್ಚಿಸಿದರು. ಮೂವತ್ತಾರು ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಬದನಿಕಾಯಿ ಪಲ್ಯ, ಸಿಹಿಗೆ ಮಾದಲಿ. ಕಾವಲಿನವನು ಮಾದಲಿ ಡಬ್ಬಿ ಮೂಸಿ ನೋಡಿ, ಪಾಪ, ಆಸೆಯಿಂದಲೇ ಮುಚ್ಚಿದ. ಹೊರಗಿನ ಊಟ ನಡೆಯುವುದಿಲ್ಲ, ಸಣ್ಣ ಕೂಸಿನದಿದ್ದರೆ ಮಾತ್ರ ಬಿಡುತ್ತೇವೆ ಎಂದ.

"ಬಾಯಾಗ ಒಂದ ಹಲ್ಲಿಲ್ಲ. ನಾನೂ ಕೂಸ ಅಂತ ಹೇಳ ಅವಗ" ಅಂದರು ಅತ್ತಿ. ಕಾವಲಿನವನು ನಕ್ಕ, ಆದರೆ ಬಿಡಲಿಲ್ಲ. ಮೂವತ್ತಾರು ರೊಟ್ಟಿ ವ್ಯಾನಿಗೆ ವಾಪಸ್ಸು ಹೋದವು. ಊಟದ ಸೊನ್ನೆಯ ಎಡಕ್ಕೆ ಅಂಕಿಗಳು ಏಳತೊಡಗಿದವು.

ಶೋಭಾ ಹೇಳಿದ್ದು ಸುಳ್ಳಲ್ಲ. ಜಾರುವುದು ಪುಕ್ಕಟೆಯೇ. ಆದರೆ ಜಾರಲು ನೈಲಾನ್ ಬಟ್ಟೆಯೇ ಬೇಕು, ಅದರ ಬಾಡಿಗೆ ನೂರೈವತ್ತು, ಮೇಲೆ ಮುನ್ನೂರು ಡಿಪಾಜಿಟ್ಟು. ಬಿಚ್ಚಿದ ಬಟ್ಟೆ ಇಡಲು ಪೆಟ್ಟಿಗೆ, ಅದಕ್ಕೂ ಬಾಡಿಗೆ, ಅದಕ್ಕೂ ಡಿಪಾಜಿಟ್ಟು. ಒಳಗೆ ಕಾಲಿಡುತ್ತಲೇ ಒಬ್ಬನು ಟಪ್ಪನೆ ನಮ್ಮ ಫೋಟೋ ಹೊಡೆದ, ನಾವು ನಗುವ ಮೊದಲೇ, ಅದಕ್ಕೆ ನಾಲ್ಕುನೂರು. ಹತ್ತು ಗಂಟೆಯೊಳಗೆ ಯಜಮಾನರ ಫೋನು ಕಿಸೆಯಲ್ಲಿದ್ದಂತೆಯೇ ಅವರ ಜೊತೆ ನೀರಿಗಿಳಿದು ಹೊಟ್ಟೆ ತುಂಬ ಕುಡಿದು ಕಣ್ಣು ಮುಚ್ಚಿತು. ಬ್ಯಾಂಕಿನ ರೊಕ್ಕವೆಲ್ಲ ಅದರೊಳಗೆ. ನನ್ನ ಫೋನಿಗೆ ಇನ್ನೂ ಬ್ಯಾಂಕಿನ ಸಂಬಂಧ ಕೂಡಿರಲಿಲ್ಲ. ಇನ್ನು ಮೇಲೆ ನನ್ನ ಚೀಲವೇ ಗತಿ.

ಮಧ್ಯಾಹ್ನ ಅತ್ತಿಗೆ ಲಿಂಗಪೂಜೆಯಾಗದೆ ಬಾಯಲ್ಲಿ ಒಂದು ತುತ್ತು ಇಳಿಯುವುದಿಲ್ಲ. ಅಲ್ಲಿ ಶಾಂತವಾದ ಜಾಗ ಅಂತ ಇದ್ದದ್ದು ಒಂದು ಫೈಬರಿನ ದೊಡ್ಡ ಅಣಬೆಯ ಕೆಳಗೆ. ಅದರ ಮೇಲಿಂದ ಹೊತ್ತಿಗೊಮ್ಮೆ ನೀರು ಸುರಿಯುತ್ತಿತ್ತು. ಎರಡು ಸುರಿತದ ನಡುವೆ ಪೂಜೆ ಮುಗಿಸಬೇಕು. ಸೀಟಿ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ನೋಡಿದಳು, ಹೋಗಿ ಆ ನೀರಿನ ಚಾವಿ ಬಂದ್ ಮಾಡಿ ಬಂದಳು. ಯಾರ ಮನೆಯ ಮಗಳೋ. ಆರು ಸಾವಿರದ ದಿನದಲ್ಲಿ ನನಗೆ ಪುಕ್ಕಟೆ ಸಿಕ್ಕದ್ದು ಅದು.

ಊಟ, ನೀರಿನ ಬಾಟಲಿ, ಐಸ್ ಕ್ರೀಮು ಎಂದು ಕೊಟ್ಟು ಕೊಟ್ಟು ನಾಲ್ಕು ಗಂಟೆಗೆ ಚೀಲದಲ್ಲಿ ನಲವತ್ತು ರೂಪಾಯಿ ಉಳಿದಿದ್ದವು. ಡಿಪಾಜಿಟ್ಟಿನ ಸಾವಿರದ ಇನ್ನೂರು ಸಂಜೆ ವಾಪಸ್ಸು ಬರುವುದಿತ್ತು. ಮುಂಜಾನೆಯಿಂದ ಅತ್ತಿ ಸೀರೆಯುಟ್ಟು ಬೆಂಚಿನ ಮೇಲೆ ಕೂತೇ ಇದ್ದರು. ನಾನೂ ಅವರ ಜೊತೆಗೆ, ಚೀಲ ಅವಚಿಕೊಂಡು. ಎದುರಿಗೆ ದೊಡ್ಡ ಕೊಳ. ಭೋಂಗಾ ಕೂಗಿದರೆ ಸಾಕು, ಆ ತುದಿಯಿಂದ ಅಲೆ ಎದ್ದು ಜನರನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಅತ್ತಿ ಅದನ್ನು ಐದು ಸಲ ನೋಡಿದರು. ಆರನೆಯ ಸಲ ಭೋಂಗಾ ಕೂಗಿದಾಗ ನನ್ನ ಕಡೆ ತಿರುಗದೆ ಅಂದರು:

"ಯವ್ವಾ, ನಾನೂ ಇಳೀಲೇನ?"

ಮನೆಗೆ ಸೊಸೆಯಾಗಿ ಬಂದು ಹದಿನೈದು ವರ್ಷವಾಯಿತು, ಅವರು ನನಗಿದು ಬೇಕು ಅಂದದ್ದನ್ನು ನಾನು ಕೇಳಿರಲಿಲ್ಲ. ಬೇಕಾದದ್ದು ನಾನೂರೈವತ್ತು. ಇದ್ದದ್ದು ನಲವತ್ತು. ಮತ್ತೆ ಪಾರ್ವತಕ್ಕನ ಗಂಟು.

ಒಂದು ತಾಸಿನಲ್ಲಿ ಡಿಪಾಜಿಟ್ಟು ಬರುತ್ತದೆ, ಬಂದ ಕೂಡಲೇ ಐದುನೂರು ಮೊದಲಿನಂತೆ ಗಂಟಿಗೆ ಹೋಗುತ್ತದೆ, ಸಂಜೆ ಲಕ್ಷ್ಮವ್ವನ ಮುಂದೆ ಇರುತ್ತದೆ. ದೇವಿಗೆ ಏನು ಕಡಿಮೆಯಾಯಿತು? ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಗಂಟು ಬಿಚ್ಚಿದೆ. ಸುಳ್ಳು ಮಾತಾಡದವಳು ತನ್ನ ಮನಸ್ಸಿನೊಳಗೆ ಎಷ್ಟು ಚೆಂದ ಮಾತಾಡುತ್ತಾಳೆಂದು ನನಗೆ ಅವತ್ತೇ ಗೊತ್ತಾದದ್ದು.

ಬಟ್ಟೆ ಕೊಡುವ ಹುಡುಗಿ ಕೊರಳಿನ ಸರ ತೆಗೆದಿಡಿರಿ ಎಂದಳು. "ಸರ ಅಲ್ಲವಾ ಅದು, ಲಿಂಗ. ಎಂಟ ವರ್ಷದಾಕಿ ಇದ್ದಾಗಿಂದ ಜಳಕಕ್ಕೂ ತಗದಿಲ್ಲ" ಅಂದರು ಅತ್ತಿ. ಹಾಗಾದರೆ ಜಾರುಬಂಡಿಗೆ ಬೇಡ, ಅಲೆಯ ಅಂಚಿನಲ್ಲಿ ನಿಂತರೆ ಸಾಕು ಎಂದಳು ಆಕೆ. ಸೀರೆಯಲ್ಲೇ ಕಳೆದ ಜೀವಕ್ಕೆ ಮೊದಲ ಸಲ ಪ್ಯಾಂಟು ಏರಿಸಿ ಅತ್ತಿ ಹೊರಬಂದಾಗ ಮೊಮ್ಮಕ್ಕಳು ಸೀಟಿ ಹೊಡೆದರು. "ಬಾಯಿ ಮುಚ್ಚಗೋರಿ" ಎಂದು ಗದರಿಸಿದರು, ಆದರೆ ಒಮ್ಮೆ ಸುತ್ತ ತಿರುಗಿ ತೋರಿಸಿಯೂ ಬಿಟ್ಟರು.

ಭೋಂಗಾ ಕೂಗಿತು. ಅಲೆ ಬಂತು. ಅತ್ತಿ ಅಂಚಿನಲ್ಲಿ ನಿಂತುಬಿಟ್ಟರು.

"ತಡಿ. ಇಷ್ಟ ದೊಡ್ಡ ನೀರಿಗೆ ಬರಿಗೈಲೆ ಹೆಂಗ ಇಳೀಲಿ? ಆ ಗಂಟ ತಾ ಇಲ್ಲಿ."

"ಅತ್ತಿ, ಇದು ಹೊಳಿ ಅಲ್ರಿ. ಮೋಟರಿಲೆ ನೀರ ತಳ್ಳತಾರ."

"ಮೋಟರಿಲೆ ತಳ್ಳಿದ್ರ ಗಂಗವ್ವ ಅಲ್ಲೇನ? ಮೂವತ್ತ ವರ್ಷ ಆತು, ನಮ್ಮ ಮನ್ಯಾಗ ಉಣ್ಣೂದು ಮೋಟರಿನ ಅನ್ನ."

ನಾನು ಬಾಯಿ ತೆರೆಯುವುದರೊಳಗೆ ಅವರು ಗಂಟು ಬಿಚ್ಚಿ, ಪಾರ್ವತಕ್ಕನ ಅರಿಷಿಣ ಕುಂಕುಮದ ಪೊಟ್ಟಣ ಎರಡೂ ಒಡೆದು, ಖಣದ ಸಮೇತ ಬಂದ ಅಲೆಗೆ ಉಡಿ ತುಂಬಿಬಿಟ್ಟರು. ಗಟ್ಟಿಯಾಗಿ, ಕೊಳದ ಆ ದಂಡೆಯವರಿಗೆ ಕೇಳುವ ಹಾಗೆ ಹೇಳಿದರು: "ಗಂಗವ್ವ, ಲಕ್ಷ್ಮವ್ವ, ಯಾರ ಇದ್ದೀರಿ ಕೇಳ್ರಿ. ಮೂಡಲಗಿ ಗಿರಣಿ ಪಾರ್ವತಿ ಮಗಳು ರೇಣುಕಾನ ಬಾಣತನ ಸುಸೂತ್ರ ಆಗಲಿ!"

ಅಲೆ ವಾಪಸ್ಸು ಹೋಗುವಾಗ ಹಳದಿಯಾಗಿ ಹೋಯಿತು. ಮತ್ತೊಂದು ಅಲೆ ಕೆಂಪಾಗಿ ಬಂತು. ಖಣ ಅರಳಿಕೊಂಡು ತೇಲಿತು. ಬಾಡಿಗೆ ಬಟ್ಟೆಯ ಇಬ್ಬರು ಮರಾಠಿ ಹೆಂಗಸರು ಓಡಿಬಂದು, ನಮಗೂ ಒಂದಿಷ್ಟು ಕುಂಕುಮ ಹಚ್ಚಿರಿ ಆಜಿ ಎಂದು ಹಣೆ ಒಡ್ಡಿದರು. ಅಷ್ಟರಲ್ಲಿ ಎಲ್ಲಾ ಕಡೆಯಿಂದ ಸೀಟಿ. ಭೋಂಗಾ ನಿಂತಿತು, ಅಲೆ ನಿಂತಿತು, ಕೊಳದಲ್ಲಿದ್ದ ಜನವನ್ನೆಲ್ಲ ಮೇಲೆ ಹತ್ತಿಸಿದರು. ನಮ್ಮ ಅತ್ತಿ ಒಬ್ಬರೇ ಮೊಣಕಾಲುದ್ದದ ಕೆಂಪು ನೀರಿನಲ್ಲಿ ಕೈ ಮುಗಿದುಕೊಂಡು ನಿಂತಿದ್ದರು.

ನೀರು ಸೋಸುವ ಖರ್ಚು ಎಂದು ಮ್ಯಾನೇಜರ್ ಮೂರು ಸಾವಿರ ದಂಡ ಹೇಳಿದ. ನ್ಯಾಯವಾಗಿ ನೋಡಿದರೆ ಅವನದು ತಪ್ಪಿಲ್ಲ. "ಫಿಲ್ಟರ್ ನಾನ ಬಿಚ್ಚಿ ತೊಳದು ಕೊಡ್ತೇನ್ರಿ, ನಂದು ಅದ ಉದ್ಯೋಗ" ಎಂದು ಯಜಮಾನರು ಅವನ ಬೆನ್ನು ಹತ್ತಿ ಪಂಪಿನ ಕೋಣೆಯವರೆಗೆ ಹೋದರು. ಅರ್ಧ ತಾಸಿನ ಮೇಲೆ ಬಂದರು, ಮುಖ ಅರಳಿತ್ತು. "ಏನ್ ಮೋಟರ್ ಅದಾವಲೇ! ಒಂದೊಂದು ಎಮ್ಮಿಯಷ್ಟು!" ನಮ್ಮೆಲ್ಲರಲ್ಲಿ ಆ ದಿನ ಹೆಚ್ಚು ಸುಖ ಪಟ್ಟವರು ಅವರೇ. ದಂಡ ಸಾವಿರದ ಐದುನೂರಕ್ಕೆ ಇಳಿದಿತ್ತು. ಅತ್ತಿಯ ಮುನ್ನೂರೂ ಸೇರಿ ನಮ್ಮ ಡಿಪಾಜಿಟ್ಟು ಸರಿಯಾಗಿ ಅಷ್ಟೇ ಇತ್ತು. ಚೀಟಿಗಳನ್ನೆಲ್ಲ ಅವರಿಗೇ ಕೊಟ್ಟು ಹೊರಬಂದೆವು.

"ಎಷ್ಟ ಉಳೀತು?" ಗಾಡಿ ಚಾಲೂ ಮಾಡುತ್ತ ಕೇಳಿದರು.

"ತೊಂಬತ್ತು."

"ಅದರಾಗ ಐವತ್ತು ಲಕ್ಷ್ಮವ್ವಂದು" ಅಂದರು. ಬೇರೆ ಏನೂ ಅನ್ನಲಿಲ್ಲ. ಅನ್ನಬಹುದಾಗಿತ್ತು, ಅವರಿಗೆ ಸಿಕ್ಕ ಅವಕಾಶ ಸಣ್ಣದಲ್ಲ. ಅನ್ನಲಿಲ್ಲ ಎಂಬುದನ್ನು ನಾನು ಮರೆತಿಲ್ಲ.

ದಾರಿಯಲ್ಲಿ ವಿನಾಯಕ ಎರಡು ಸಲ ವಾಂತಿ ಮಾಡಿಕೊಂಡ, ಗಾಡಿಗಳ ಸಾಲು ಬೇರೆ. ಕೊಲ್ಹಾಪುರ ಮುಟ್ಟಿ ಗುಡಿಯ ಹತ್ತಿರ ಹೋಗುವಷ್ಟರಲ್ಲಿ ಬಾಗಿಲು ಹಾಕಿದ್ದರು. ಹೊರಗಿನಿಂದಲೇ ಕೈ ಮುಗಿದು ಕಣಗಲಾದಲ್ಲಿರುವ ನನ್ನ ಅಣ್ಣನ ಮನೆಗೆ ಬಂದು ಮಲಗಿದೆವು. ರೊಟ್ಟಿ ಉಂಡದ್ದು ಅಲ್ಲೇ. ಮುಂಜಾನೆ ತಿರುಗಿ ಹೋಗೋಣವೆಂದರೆ ಎಣ್ಣೆಗೆ ರೊಕ್ಕವಿಲ್ಲ, ಅಂಗಡಿಯ ಮುಂದೆ ರೈತರು ಕಾಯುತ್ತಿದ್ದರು. ಸಂಕೇಶ್ವರದಲ್ಲಿ ಗಾಡಿ ನಿಂತಾಗ ಅತ್ತಿ ಮಿಠಾಯಿ ಅಂಗಡಿ ನೋಡಿ ಮೆಲ್ಲಗೆ ಅಂದರು: "ತೊಂಬತ್ತಕ್ಕ ಪಾವ ಕಿಲೋ ಪೇಢೆ ಬರತೈತಿ. ಪ್ರಸಾದ ಅಂದ್ರ ಯಾರ ಇಲ್ಲ ಅಂತಾರು?"

"ನಾ ಅನ್ನಾಂಗಿಲ್ರಿ" ಅಂದೆ.

ಪೇಢೆ ಪ್ರಸಾದವೆಂದೇ ಓಣಿಯಲ್ಲಿ ಹಂಚಿಹೋಯಿತು. ಅನ್ನುವುದಿಲ್ಲ ಎಂದವಳು ಹೇಳಬೇಕಾದದ್ದನ್ನೂ ಹೇಳಲಿಲ್ಲ. ಮೂರು ದಿನ ಗಿರಣಿಯ ಕಡೆ ಹಾಯಲಿಲ್ಲ, ಮನೆಯಲ್ಲಿ ಹಿಟ್ಟು ಮುಗಿದರೂ ಅನ್ನವನ್ನೇ ಮಾಡಿದೆ. ರಾತ್ರಿ ದೇವರ ಮುಂದೆ ಕೂತರೆ ತಿರುಗದೆ ಅಡ್ಡ ಮಲಗಿದ ಕೂಸೇ ಕಾಣುತ್ತಿತ್ತು. ಏನಾದರೂ ಆಗಬಾರದ್ದು ಆದರೆ ಆ ಐದುನೂರು ನನ್ನ ಕೊರಳಿಗೆ ಬಿದ್ದ ಹಾಗೆ. ನಾಲ್ಕನೆಯ ದಿನ ನಡುಮಧ್ಯಾಹ್ನ ಪಾರ್ವತಕ್ಕ ಓಡುತ್ತ ಬಂದು ನನ್ನ ಬಾಯಿಗೆ ಸಕ್ಕರೆ ತುಂಬಿದರು.

"ಹೆಣ್ಣಕೂಸು ತಂಗೀ! ಕೊಯ್ಯೂದ ಬರಲಿಲ್ಲ! ತಾನ ತಿರಿಗೇತಿ ಅಂತ ಡಾಕ್ಟರು! ನಿನ್ನ ಮಾತ ಕೇಳಿದಳು ನೋಡು ಲಕ್ಷ್ಮವ್ವ!"

ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಸುಮ್ಮನಿದ್ದರೆ ನಡೆಯುತ್ತಿತ್ತು. ಸಕ್ಕರೆ ನುಂಗಿದೆ, ಎಲ್ಲಾ ಹೇಳಿದೆ. ಐದುನೂರು ಹೋದದ್ದು, ಪ್ಯಾಂಟು, ಮೋಟರಿನ ನೀರು, ದಂಡ, ಮುಚ್ಚಿದ ಬಾಗಿಲು. ಪಾರ್ವತಕ್ಕನ ಮುಖದ ಮೇಲಿನ ನಗು ನಿಧಾನಕ್ಕೆ ಇಳಿಯಿತು. ಸೆರಗಿನಿಂದ ಕೈಯ ಸಕ್ಕರೆ ಒರೆಸಿಕೊಂಡರು.

"ನನ್ನ ಖಣ ನೀರಿಗೆ ಬಿತ್ತು?"

"ಹೌದ್ರಿ ಪಾರ್ವತಕ್ಕಾ."

"ರೇಣುಕಾನ ಹೆಸರ ಹಿಡದು ಬೇಡಿಕೊಂಡ್ರು?"

"ಹಿಡದ್ರು. ಎಲ್ಲಾರಿಗೂ ಕೇಳೂ ಹಂಗ."

"ಬೇಡಿಕೊಂಡಿದ್ದ ಅಲ್ಲಿ ಅಂದ ಮ್ಯಾಲ, ಹರಕಿ ಮುಟ್ಟಸೂದೂ ಅಲ್ಲೇ" ಅಂದರು, ಎದ್ದು ಹೋದರು. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮುಂದಿನ ತಿಂಗಳು ನಾನು ಒಬ್ಬಳೇ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋಗಿ, ಓಣಿಯವರ ಕಾಯಿ ಬಳೆ ಚಿಲ್ಲರೆಯ ಜೊತೆಗೆ ನನ್ನ ಐದುನೂರನ್ನೂ ಹುಂಡಿಗೆ ಹಾಕಿ ಬಂದೆ. ಖರೇ ಪ್ರಸಾದ ಕೊಟ್ಟೆ. ಪಾರ್ವತಕ್ಕ ಕಣ್ಣಿಗೊತ್ತಿಕೊಂಡು ತಿಂದರು. "ಆಕಿಂದ ಆಕಿಗೆ ಮುಟ್ಟಿತು, ಛಲೋ ಆ‌ತು. ಆ ನೀರಿಂದು ಬಾಕಿ ಐತಿ" ಅಂದರು. ಹೋದ ವರ್ಷ ಕೂಸು ಸಣ್ಣದೆಂದು ಬಿಟ್ಟರು. ಈಗ ಅದಕ್ಕೆ ಎರಡು ತುಂಬುತ್ತ ಬಂದಿದೆ. ಈ ರವಿವಾರ ಹೊರಡುವುದು, ಎರಡು ಗಾಡಿ, ಹನ್ನೊಂದು ಜನ. ಮ್ಯಾಲಿನ ಖರ್ಚು ಮತ್ತೆ ನನ್ನದೇ. ಯಾಕೆಂದು ಕೇಳಿದರೆ, ಎಷ್ಟು ಹೋಯಿತೆಂದು ಬಾಯಿಬಿಟ್ಟು ಹೇಳುವವಳು ನೀನೊಬ್ಬಳೇ ಎನ್ನುತ್ತಾರೆ ಪಾರ್ವತಕ್ಕ.

ಗೊತ್ತಿದ್ದೂ ಇನ್ನೊಬ್ಬರ ನೀರು ಕೆಡಿಸುವುದು ಸರಿಯಲ್ಲ ಎಂದು ನಾನು ನಿನ್ನೆ ಪಾರ್ಕಿಗೇ ಫೋನ್ ಮಾಡಿದೆ. ಫೋನೆತ್ತಿದ ಹುಡುಗಿ ಯಾರನ್ನೋ ಕೇಳಿ ಬಂದು, ಒಂದು ಬಕೇಟಿನಲ್ಲಿ ಕೊಳದ ನೀರು ತುಂಬಿಸಿ ಕೊಡುತ್ತೇವೆ, ಪೂಜೆ ಅದರಲ್ಲಿ ಮಾಡಿಕೊಳ್ಳಿರಿ ಎಂದಳು. ಎಂಥ ಒಳ್ಳೆಯ ಮನಸ್ಸು. ಪಾರ್ವತಕ್ಕನಿಗೆ ಹೇಳಿದರೆ, "ಬಕೀಟಿಗೆ ಬೇಡಿಕೊಂಡಿದ್ದಿಲ್ಲಲ್ಲ ತಂಗಿ" ಅಂದರು.

ಅತ್ತಿ ದಾರಿ ತೆಗೆದರು. "ನೀರಿಗೆ ಒಂದ ಕಾಳೂ ಹಾಕೂದ ಬ್ಯಾಡ. ಕೂಸಿನ ಹಣಿಗೆ ಒಂದ ಚಿಟಿಕಿ ಕುಂಕುಮ ಹಚ್ಚಿ ಇಳಸೂಣು. ಅಲೆ ತಾನ ಬಂದು ತೊಳಕೊಂಡು ಹೋದ್ರ ಅದಕ್ಕ ನಾವೇನ ಮಾಡೂಣು?"

ಎಲ್ಲರೂ ಒಪ್ಪಿದ್ದಾರೆ, ನಾನೂ ಒಪ್ಪಿದ್ದೇನೆ. ಆದರೆ ನಮ್ಮ ಅತ್ತಿಯ ಕೈಯಲ್ಲಿ ಚಿಟಿಕಿ ಅಂದರೆ ಎಷ್ಟು ಬರುತ್ತದೆಂದು ಹದಿನೇಳು ವರ್ಷ ಅವರ ಜೊತೆ ಅಡಿಗೆ ಮಾಡಿದ ನನಗೆ ಗೊತ್ತು. ಅದಕ್ಕೇ ಈ ಸಲದ ಅಂದಾಜಿನಲ್ಲಿ, ಊಟಕ್ಕಿಂತ ಮೊದಲು, ಚಹಾಕ್ಕಿಂತ ಮೊದಲು, ಮೊಟ್ಟಮೊದಲ ಸಾಲಿನಲ್ಲಿ ಬರೆದಿಟ್ಟಿದ್ದೇನೆ: ದಂಡ, ಸಾವಿರದ ಐದುನೂರು.